ಈರುಳ್ಳಿ ಬೇರಿನ ತುದಿಯಲ್ಲಿ

ನೀರು ತುಂಬಿದ ಲೋಟದ ಬಾಯಿಗೆ ಈರುಳ್ಳಿ ಕೂರಿಸಿದರೆ ಕೆಲವೇ ದಿನಗಳಲ್ಲಿ ಬಿಳಿ ಬೇರುಗಳು ಇಳಿಯುತ್ತವೆ. ಕೋಶಗಳು ಒಡೆದು ಎರಡಾಗುವುದೆಲ್ಲ ಬೇರಿನ ತುದಿಯ ಒಂದೆರಡು ಮಿಲಿಮೀಟರಿನಲ್ಲಿ. ಬೆಳಗಿನ ಹೊತ್ತು ಆ ತುದಿಯನ್ನು ಕತ್ತರಿಸಿ, ಆಮ್ಲದಲ್ಲಿ ಬೆಚ್ಚಗೆ ಮಾಡಿ ಮೆತ್ತಗಾಗಿಸಿ, ಅಸಿಟೋಕಾರ್ಮೈನ್ ಬಣ್ಣ ಹಾಕಿ, ಕವರ್ ಸ್ಲಿಪ್ಪಿನ ಮೇಲೆ ಹೆಬ್ಬೆರಳಿನಿಂದ ಒತ್ತುತ್ತೇನೆ.

ಸೂಕ್ಷ್ಮದರ್ಶಕದಡಿ ಹೆಚ್ಚಿನ ಕೋಶಗಳ ಕೇಂದ್ರ, ಅಂದರೆ ನ್ಯೂಕ್ಲಿಯಸ್, ಬರೀ ಕೆಂಪು ಉಂಡೆ. ಒಳಗೆ ಏನೂ ನಡೆದಿಲ್ಲವೆನ್ನಿಸುತ್ತದೆ. ಆದರೆ ಅಂಥ ಎಷ್ಟೋ ಉಂಡೆಗಳಲ್ಲಿ ಡಿಎನ್‌ಎ ನಕಲಾಗಿ ಮುಗಿದಿರುತ್ತದೆ. ಈರುಳ್ಳಿಯ ಒಂದು ಕೋಶದ ಡಿಎನ್‌ಎ ಬಿಡಿಸಿಟ್ಟರೆ ಸುಮಾರು 11 ಮೀಟರ್, ಮನುಷ್ಯನದು 2 ಮೀಟರ್. ನಕಲಾದ ಮೇಲೆ ಆ 11 ಮೀಟರ್ 22 ಆಗುತ್ತದೆ. ಎರಡು ಪ್ರತಿಗಳೂ ಚದುರದಂತೆ ಕೊಹೆಸಿನ್ ಎಂಬ ಪ್ರೋಟೀನಿನ ಉಂಗುರಗಳು ಜೊತೆಗೂಡಿಸಿ ಹಿಡಿದಿರುತ್ತವೆ.

ನಾನು ಹುಡುಕುವುದು ಇದರ ಮುಂದಿನ ಗಳಿಗೆಯನ್ನು, ಅಂದರೆ ಪ್ರೊಫೇಸನ್ನು. ನುಣುಪಾಗಿದ್ದ ಉಂಡೆ ಮೊದಲು ತರಿತರಿಯಾಗುತ್ತದೆ. ಫೋಕಸ್ ತಿರುಪನ್ನು ಕೂದಲೆಳೆಯಷ್ಟು ಆಚೀಚೆ ಮಾಡಿದರೆ ಆ ತರಿಗಳು ಉದ್ದನೆಯ ಎಳೆಗಳೆಂದು ತಿಳಿಯುತ್ತದೆ. ಪಕ್ಕದ ಕೋಶದಲ್ಲಿ ಎಳೆ ಇನ್ನಷ್ಟು ದಪ್ಪ, ಇನ್ನಷ್ಟು ಗಿಡ್ಡ. ಇನ್ನೊಂದರಲ್ಲಿ ಕೇಂದ್ರದೊಳಗಿನ ಪುಟ್ಟ ಗುಂಡು, ನ್ಯೂಕ್ಲಿಯೋಲಸ್, ಮಾಸಿಹೋಗಿದೆ. ಸತ್ತ ಕೋಶಗಳೇ ಆದರೂ, ಬೇರೆ ಬೇರೆ ಹಂತದಲ್ಲಿ ನಿಂತ ಅವನ್ನು ಸಾಲಾಗಿ ಓದಿದರೆ ನಡಿಗೆ ಕಾಣುತ್ತದೆ. ಜೀವವಿಜ್ಞಾನಿ ವಾಲ್ಟರ್ ಫ್ಲೆಮಿಂಗ್ ಸಲಮಾಂಡರ್ ಮರಿಗಳ ಕೋಶಗಳನ್ನು ನೋಡಿ 1882ರ ತನ್ನ ಪುಸ್ತಕದಲ್ಲಿ ಬಿಡಿಸಿದ್ದು ಇವೇ ಎಳೆಗಳನ್ನು. ಅವನ ಸಹನೆಗೆ ನನ್ನ ಗೌರವ ದೊಡ್ಡದು.

ಎಳೆಯನ್ನು ಗಿಡ್ಡ ಮಾಡುವುದು ಕಂಡೆನ್ಸಿನ್ ಎಂಬ ಪ್ರೋಟೀನು. ಕಪ್ಪೆಯ ಮೊಟ್ಟೆಯ ಸಾರದಲ್ಲಿ ತತ್ಸುಯಾ ಹಿರಾನೊ ಮತ್ತು ಸಂಗಡಿಗರು 1997ರಲ್ಲಿ ಇದನ್ನು ಗುರುತಿಸಿದರು. ಅದು ಡಿಎನ್‌ಎಯನ್ನು ಹಿಡಿದು, ನೂಲನ್ನು ಲಡಿ ಸುತ್ತುವಂತೆ ಕುಣಿಕೆ ಕುಣಿಕೆಯಾಗಿ ಎಳೆದುಕೊಳ್ಳುತ್ತದೆ; 2018ರಲ್ಲಿ ವಿಜ್ಞಾನಿಗಳು ಒಂಟಿ ಡಿಎನ್‌ಎ ಎಳೆಯ ಮೇಲೆ ಅದನ್ನು ಕಣ್ಣಾರೆ ಕಂಡರು. ಎರಡು ಪ್ರತಿಗಳು ಒಂದಕ್ಕೊಂದು ತೊಡಕಿಕೊಂಡಲ್ಲಿ ಟೋಪೋಐಸೋಮರೇಸ್ ಎಂಬ ಕಿಣ್ವ ಒಂದು ಎಳೆಯನ್ನು ಕತ್ತರಿಸಿ, ಇನ್ನೊಂದನ್ನು ಆ ಸಂದಿನಲ್ಲಿ ದಾಟಿಸಿ, ಮತ್ತೆ ಬೆಸೆಯುತ್ತದೆ. ಇಷ್ಟು ಉದ್ದದ ಡಿಎನ್‌ಎ ಸಿಕ್ಕುಬೀಳದೆ ಉಳಿಯುವುದು ಹೀಗೆ. ಕೊನೆಗೆ ಕೇಂದ್ರದ ಪೊರೆ ಕಳಚುವ ಹೊತ್ತಿಗೆ 16 ವರ್ಣತಂತುಗಳು ಬೇರೆಬೇರೆಯಾಗಿ ಸಿದ್ಧವಾಗಿರುತ್ತವೆ. ಒಂದೊಂದರಲ್ಲೂ ಎರಡು ಪ್ರತಿ.

ಕಾಲೇಜಿನಲ್ಲಿ ಈ ಸ್ಲೈಡ್ ಮಾಡುವವರು ವರ್ಣತಂತುಗಳು ನಡುವೆ ಸಾಲುಗಟ್ಟಿದ ಮುಂದಿನ ಹಂತ, ಮೆಟಾಫೇಸ್, ಸಿಕ್ಕಿದ ಕೂಡಲೇ ಚಿತ್ರ ಬರೆದು ಎದ್ದುಬಿಡುತ್ತಾರೆ. ದಯವಿಟ್ಟು ಇನ್ನೊಂದು ಅರ್ಧ ಗಂಟೆ ಕೂತುಕೊಳ್ಳಿ. ವಿಭಜನೆಯಲ್ಲಿ ತೊಡಗಿದ ಕೋಶಗಳಲ್ಲಿ ಹೆಚ್ಚಿನವು ಪ್ರೊಫೇಸಿನಲ್ಲೇ ಇರುತ್ತವೆ. ಅವುಗಳಲ್ಲಿ ಒಂದನ್ನು ಆರಿಸಿ, ಒಂದೇ ಒಂದು ಎಳೆಯನ್ನು ಎಲ್ಲಿಯವರೆಗೆ ಹಿಂಬಾಲಿಸಬಹುದೋ ಹಿಂಬಾಲಿಸಿ ನೋಡಿ.