'ಸರ್ವರ್ ಡೌನ್' ಅಂತ ಮತ್ತೆ ಬಟನ್ ಒತ್ತೋ ಮುಂಚೆ ಇದನ್ನ ಓದಿ

ಪರೀಕ್ಷೆ ಶುಲ್ಕ ಕಟ್ಟಲು ಕೊನೆ ದಿನ. ಸೈಬರ್ ಸೆಂಟರ್‌ನಲ್ಲಿ ಅರ್ಜಿ ತುಂಬಿ, ಹಣ ಕಟ್ಟೋ ಬಟನ್ ಒತ್ತಿದ್ದಾಯ್ತು. ಪರದೆ ಮೇಲೆ ಚಕ್ರ ಸುತ್ತುತ್ತಲೇ ಇದೆ. ಒಂದು ನಿಮಿಷವಾದ ಮೇಲೆ ಬಿಳಿ ಪುಟದಲ್ಲಿ '504 ಗೇಟ್‌ವೇ ಟೈಮ್‌ಔಟ್'. 'ಸರ್ವರ್ ಡೌನ್ ಸಾರ್, ಇನ್ನೊಂದ್ಸಲ ಹಾಕ್ತೀನಿ' ಅಂತಾರೆ ಸೆಂಟರ್‌ನವರು. ಯಡವಟ್ಟಾಗೋದು ಇಲ್ಲೇ. ಮೊದಲನೇ ಸಲದ ದುಡ್ಡು ಅಷ್ಟರಲ್ಲಿ ಖಾತೆಯಿಂದ ಹೋಗಿರಬಹುದು.

504 ಅಂದರೆ ಸರ್ವರ್ ಪೂರ್ತಿ ನಿಂತಿದೆ ಅಂತಲ್ಲ. ವೆಬ್‌ಸೈಟ್ ಹಿಂದೆ ಇಬ್ಬರಿದ್ದಾರೆ ಅಂದ್ಕೊಳ್ಳಿ. ಒಬ್ಬ ಬಾಗಿಲಲ್ಲಿ ಅರ್ಜಿ ತಗೊಂಡು ಒಳಗೆ ಕೊಡುವವನು, ಇನ್ನೊಬ್ಬ ಒಳಗೆ ಕೂತು ಕೆಲಸ ಮಾಡುವವನು. ಬಾಗಿಲಲ್ಲಿರೋನು ಇಂತಿಷ್ಟೇ ಹೊತ್ತು ಕಾಯ್ತಾನೆ. ಈ ಕೆಲಸಕ್ಕೆ ತುಂಬಾ ಕಡೆ ಬಳಸುವ 'ಎಂಜಿನ್‌ಎಕ್ಸ್' ಸಾಫ್ಟ್‌ವೇರ್‌ನಲ್ಲಿ, ಯಾರೂ ಬದಲಾಯಿಸದಿದ್ದರೆ, ಅದು 60 ಸೆಕೆಂಡು. ಅಷ್ಟರಲ್ಲಿ ಒಳಗಿನಿಂದ ಉತ್ತರ ಬರದಿದ್ದರೆ 504 ಅಂತ ಹೇಳಿ ಕೈ ತೊಳೆದುಕೊಳ್ತಾನೆ. ಒಳಗಿನವನ ಕೆಲಸ ಆಗಲೂ ನಡೀತಾ ಇರಬಹುದು, ಮುಗಿದೂ ಇರಬಹುದು.

ಕಾಯೋ ಹೊತ್ತನ್ನೇ ಹತ್ತು ನಿಮಿಷ ಮಾಡಿದ್ರೆ ಆಯ್ತಲ್ಲ ಅನ್ನಬಹುದು. ಆದರೆ ಸರ್ವರ್ ಒಂದೇ ಸಲಕ್ಕೆ ಹಿಡಿಯುವ ಕೆಲಸಕ್ಕೆ ಮಿತಿಯಿದೆ. ದೊಡ್ಡ ಕೆಲಸಗಳೇ ಅದನ್ನು ತುಂಬಿಕೊಂಡರೆ ಬರೀ ಪುಟ ನೋಡಲು ಬಂದವರಿಗೂ ಚಕ್ರವೇ ಗತಿ.

ಹಿಟ್ಟಿನ ಗಿರಣಿಯಲ್ಲಿ ಇದಕ್ಕೆ ಯಾವತ್ತೋ ದಾರಿ ಕಂಡುಕೊಂಡಿದ್ದಾರೆ. ಡಬ್ಬಿ ಇಟ್ಟು, ಹೆಸರು ಹೇಳಿ, ಸಂತೆ ಮುಗಿಸಿ ಬಂದು ಹಿಟ್ಟು ತಗೊಂಡು ಹೋಗ್ತೀವಿ. ಸರಿಯಾಗಿ ಕಟ್ಟಿದ ವೆಬ್‌ಸೈಟೂ ಹಾಗೇ ಅರ್ಜಿಯನ್ನ ಸಾಲಿನಲ್ಲಿಟ್ಟು, ತಕ್ಷಣ ಒಂದು ನಂಬರ್ ಕೊಟ್ಟು ಕಳಿಸುತ್ತೆ. ಕೆಲಸ ಹಿಂದುಗಡೆ ನಡೆಯುತ್ತೆ. ಇದಕ್ಕೆ 'ಬ್ಯಾಕ್‌ಗ್ರೌಂಡ್ ಜಾಬ್' ಅಂತಾರೆ. ಜಿಎಸ್‌ಟಿಆರ್-1ಕ್ಕೆ ಬಿಲ್‌ಗಳ ಫೈಲ್ ಅಪ್‌ಲೋಡ್ ಮಾಡಿದಾಗ 15 ನಿಮಿಷದವರೆಗೆ ಹಿಡಿಯಬಹುದು ಅಂತ ಪೋರ್ಟಲ್ ಹೇಳೋದು ಇದೇ ಕಾರಣಕ್ಕೆ. ಆಗಿಲ್ಲ ಅಂದ್ಕೊಂಡು ಕೂಡಲೇ ಅದೇ ಫೈಲ್ ಮತ್ತೆ ಹಾಕೋದು ಬೇಕಿಲ್ಲ.

ಎಲ್ಲಾ ವೆಬ್‌ಸೈಟ್‌ಗಳೂ ಹೀಗಿಲ್ಲ, ಅದೇ ಕಷ್ಟ. 504 ಬಂದರೆ ರಿಫ್ರೆಶ್ ಒತ್ತಬೇಡಿ, ಅದೇ ಅರ್ಜಿ ಎರಡನೇ ಸಲ ಹೋಗಬಹುದು. ಗಂಟೆ ಕಾಣುವಂತೆ ಪರದೆಯ ಫೋಟೋ ತೆಗೆದಿಟ್ಟುಕೊಳ್ಳಿ. ಬ್ಯಾಂಕಿನ ಮೆಸೇಜ್ ಬಂದಿದೆಯಾ ನೋಡಿ. ಆಮೇಲೆ ಹೊಸದಾಗಿ ಲಾಗಿನ್ ಆಗಿ ಅರ್ಜಿಯ ಸ್ಟೇಟಸ್ ನೋಡಿ. ಎರಡೂ ಕಡೆ ಹಣ ಹೋಗಿಲ್ಲ ಅಂತ ಗೊತ್ತಾದ ಮೇಲೆ ಇನ್ನೊಮ್ಮೆ ಕಟ್ಟಿ.

ಅಂಗಡಿಯಲ್ಲಿ ಯುಪಿಐ ಮಾಡಿದಾಗಲೂ ಇದೇ ಕಥೆ. ಗಿರಾಕಿಯ ದುಡ್ಡು ಕಟ್ ಆಗಿ, ಅಂಗಡಿಗೆ ಖಾತ್ರಿ ಬಾರದಿದ್ದರೆ 5 ದಿನದೊಳಗೆ ತಾನಾಗೇ ವಾಪಸಾಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2019ರಲ್ಲೇ ನಿಯಮ ಮಾಡಿದೆ. ಆದರೆ ಎರಡು ಸಲ ಕಟ್ಟಿ ಎರಡೂ ಸಲ ಸರಿಯಾಗಿ ಜಮೆಯಾಗಿದ್ದರೆ ಈ ನಿಯಮ ನೆರವಿಗೆ ಬರಲ್ಲ. ಆ ದುಡ್ಡನ್ನ ತಗೊಂಡವರ ಹತ್ತಿರವೇ ಕೇಳಿ ಪಡೀಬೇಕು, ಅದಕ್ಕೆ ಯುಟಿಆರ್ ನಂಬರ್ ಕೈಯಲ್ಲಿರಬೇಕು.