ಅಜ್ಜನ ಟ್ರಂಕಿನ ಕಾಗದ ರದ್ದಿಗೆ ಹಾಕೋ ಮುನ್ನ

ಆನೆಗೊಂದಿ: ಜಮ್ಷೆಡ್‌ಜಿ ಟಾಟಾ 1898ರ ನವೆಂಬರ್ 23ರಂದು ಸ್ವಾಮಿ ವಿವೇಕಾನಂದರಿಗೆ ಪತ್ರ ಬರೆದರು. ಜಪಾನಿನಿಂದ ಹೊರಟಾಗಿನ ಹಡಗಿನ ಮಾತು ನೆನಪಿಸಿ, ವಿಜ್ಞಾನ ಸಂಸ್ಥೆ ಕಟ್ಟೋ ಯೋಜನೆಗೆ ಬೆಂಬಲ ಕೇಳಿದ್ದರು. 1904ರಲ್ಲಿ ಅವರು ತೀರಿಕೊಂಡರು. ಬೆಂಗಳೂರಿನ ಸಂಸ್ಥೆ ಸ್ಥಾಪನೆ ಆಗಿದ್ದು 1909ರಲ್ಲಿ. ದಾನಿಯೇ ನೋಡದ ಸಂಸ್ಥೆಯ ಹಿಂದಿನ ಉದ್ದೇಶ ಇಂದು ಗೊತ್ತಾಗೋದು ಇಂಥ ಹಾಳೆಗಳಿಂದ. ಟಾಟಾ ಕಾಗದಪತ್ರಗಳಿಗೆ ಪುಣೆಯಲ್ಲಿ ಪ್ರತ್ಯೇಕ ದಾಖಲೆ ಭಂಡಾರವೇ ಇದೆ.

ನಮ್ಮ ಕಡೆ ಹಳೇ ದಲಾಲಿ ಅಂಗಡಿಗಳ ಅಟ್ಟದ ಮೇಲೂ ಗುಡಿಗೆ, ಸಾಲಿಗೆ ಕೊಟ್ಟ ದೇಣಿಗೆಯ ರಸೀದಿ ಇರಬಹುದು. ಜೋಡಿಸುವಾಗ ಸಾಮಾನ್ಯವಾಗಿ ಆಗೋ ತಪ್ಪು ಅಂದ್ರೆ ಕಟ್ಟು ಬಿಚ್ಚಿ ಎಲ್ಲಾ ತಾರೀಖಿನ ಪ್ರಕಾರ ಹಚ್ಚೋದು. ಹಾಗೆ ಮಾಡಬಾರದು. ದೇಣಿಗೆ ರಸೀದಿ ಭತ್ತದ ಲೆಕ್ಕದ ಜೊತೆ ಕಟ್ಟಿಟ್ಟಿದ್ದರೆ, ದುಡ್ಡು ಎಲ್ಲಿಂದ ಬಂತು ಅನ್ನೋದಕ್ಕೆ ಆ ಕಟ್ಟೇ ಸುಳಿವು. ಮೊದಲು ಇದ್ದಂಗೇ ಫೋಟೊ ತೆಗೀರಿ. ಕಟ್ಟಿಗೊಂದು ನಂಬರ್ ಪೆನ್ಸಿಲಿನಲ್ಲಿ ಹಾಕಿ, ಯಾವುದರಲ್ಲಿ ಏನಿದೆ ಅಂತ ಪಟ್ಟಿ ಬರೀರಿ. ತುಕ್ಕು ಹಿಡಿದ ಗುಂಡುಸೂಜಿ ಮೆಲ್ಲಗೆ ತೆಗೆದುಬಿಡಿ. ಸೆಲೋಟೇಪ್, ಲ್ಯಾಮಿನೇಶನ್ ಬೇಡವೇ ಬೇಡ, ಅದರ ಅಂಟು ಹಾಳೆಯನ್ನೇ ಕೆಡಿಸುತ್ತೆ. ಹೊಳೆದಂಡೆ ಊರಲ್ವಾ, ತೇವ ಜಾಸ್ತಿ. ಟ್ರಂಕು ನೆಲಕ್ಕಿಂತ ಎತ್ತರದಲ್ಲಿರಲಿ.

ಸಾಲ ತಗೊಂಡವರ ಹೆಸರಿರೋ ಖಾತೆ ಪುಸ್ತಕ ಮಾತ್ರ ಬೇರೆ ಇಡಿ, ಊರಿಗೆಲ್ಲ ತೋರಿಸೋ ಹಂಗಿಲ್ಲ. ಅವರ ಮೊಮ್ಮಕ್ಕಳು ಇದೇ ಬಜಾರಲ್ಲಿ ಇರ್ತಾರೆ.