ಜಿಪ್ ಗಂಟಿನ ಸೂಚಿ

ಗಣಕಯಂತ್ರದ ನೂರಾರು ಕಡತಗಳನ್ನು ಒಂದೇ ಗಂಟಾಗಿ ಕಟ್ಟಿಡುವ ಜಿಪ್ ಕ್ರಮವನ್ನು ಅಮೆರಿಕದ ಫಿಲ್ ಕಾಟ್ಜ್ ಎಂಬುವರು 1989ರಲ್ಲಿ ಬಳಕೆಗೆ ತಂದರು. ನಮ್ಮ ಗ್ರಂಥಗಳಲ್ಲಿ ವಿಷಯಸೂಚಿಯು ಮೊದಲಿದ್ದರೆ ಜಿಪ್ ಗಂಟಿನಲ್ಲಿ ಅದು ಕಟ್ಟಕಡೆಗಿರುತ್ತದೆ. ಪೈಥಾನ್ ಭಾಷೆಯ ‘ಜಿಪ್‌ಫೈಲ್’ ಘಟಕವು ಆ ಸೂಚಿಯನ್ನೇ ಮೊದಲು ಓದುವುದರಿಂದ, ಗಂಟನ್ನೆಲ್ಲ ಬಿಚ್ಚದೆ ಬೇಕಾದ ಒಂದೇ ಕಡತವನ್ನು ಹೊರತೆಗೆಯಬಹುದು. ಆದರೆ ರವಾನೆಯಲ್ಲಿ ಬಾಲ ತುಂಡಾಯಿತೆನ್ನಿ. ಒಳಗಿನದು ಬಹುಪಾಲು ಕ್ಷೇಮವಾಗಿದ್ದರೂ ಅದು ಗಂಟನ್ನು ತೆರೆಯಲೊಲ್ಲದು. ಈ ಲೇಖಕನು ಒಮ್ಮೆ ಪರೀಕ್ಷಿಸದೆ ಮೂಲಪ್ರತಿಗಳನ್ನು ಅಳಿಸಿದ್ದರಿಂದ, ಒಂದು ವರ್ಷದ ಅಂಕಪಟ್ಟಿಗಳನ್ನು ಮತ್ತೆ ಕೈಯಾರೆ ತುಂಬಬೇಕಾಯಿತು. ‘ಟೆಸ್ಟ್‌ಜಿಪ್’ ಎಂಬ ಆಜ್ಞೆಯು ಪ್ರತಿ ಕಡತದ ತಾಳೆಸಂಖ್ಯೆಯನ್ನು ನೋಡಿ, ಕೆಟ್ಟ ಮೊದಲ ಕಡತದ ಹೆಸರು ಹೇಳುತ್ತದೆ. ಎಲ್ಲವೂ ಸರಿಯಿದ್ದರೆ ‘ನನ್’, ಅರ್ಥಾತ್ ಯಾವುದೂ ಇಲ್ಲ, ಎನ್ನುತ್ತದೆ. ಆ ಉತ್ತರ ಬಂದ ಬಳಿಕವೇ ಮೂಲಕ್ಕೆ ಕೈಹಾಕಬೇಕು.